ಟಗರಿನ ಲಸಿಕೆ ಬಾಕಿ ಇರುವ ಬಗ್ಗೆ ವಾರ್ಮರ್ ಯಂತ್ರದವರಿಗೆ

ಹಟ್ಟಿನಾಳ ಆರೋಗ್ಯ ಕೇಂದ್ರದ ಹೆರಿಗೆ ಕೋಣೆಯಲ್ಲಿ, ಕಿಟಕಿಯ ಬಲಕ್ಕೆ, ಪ್ಲಾಸ್ಟಿಕ್ ಹೊದಿಕೆಯೊಳಗೆ ದಯಮಾಡಿಸಿರುವ, ಎಳೆಗೂಸುಗಳನ್ನು ಬೆಚ್ಚಗಿಡುವ ವಾರ್ಮರ್ ಯಂತ್ರದವರ ಸನ್ನಿಧಿಗೆ,

ಮಾನ್ಯರೇ,

ಮೊದಲು ನಮಸ್ಕಾರ, ಆಮೇಲೆ ಸಿಟ್ಟು. ಮೂರನೇ ಇಯತ್ತೆ ಮುಗಿಯುವ ಮೊದಲೇ ಸಾಲಿ ಬಿಟ್ಟು ಕುರಿ ಹಿಂದೆ ಹೋದವನು ನಾನು, ಅಮಸಿದ್ದಪ್ಪ. ಈ ವಯಸ್ಸಿನಲ್ಲಿ ನನ್ನ ಕೈಗೆ ಪೆನ್ನು ಕೊಟ್ಟು ಕೂಡಿಸಿದ್ದಾರಲ್ಲ, ಅದರ ಬದಲು ಒಂದು ಹಿಂಡು ಕೊಟ್ಟು ಗುಡ್ಡ ಹತ್ತಿಸಿದ್ದರೆ ಖುಷಿಯಿಂದ ಹತ್ತುತ್ತಿದ್ದೆ. ನಾನು ಬಾಯಿಯಿಂದ ಕೆಲಸ ಮಾಡಿಸುವ ಮನುಷ್ಯ. ಕಮತಗಿ ಸಂತೆಯಲ್ಲಿ ಈ ಕಡೆಯಿಂದ ಕೂಗಿದರೆ ಆ ಕಡೆಯ ದಲಾಲಿ ತಿರುಗಿ ನೋಡುತ್ತಾನೆ. ಆದರೆ ನಿಮ್ಮ ಇಲಾಖೆಯಲ್ಲಿ ಬಾಯಿಗೆ ಬೆಲೆ ಇಲ್ಲವಂತೆ.

ಮೇಲಿನ ಕಚೇರಿಗೆ ಹೋಗಿ ಕೂಗಿಯೂ ನೋಡಿದೆ. ನಮ್ಮೂರಿಗೆ ಕಾಯಂ ನರ್ಸಬಾಯಿ ಯಾಕಿಲ್ಲ ಎಂದು ಕೇಳಿದರೆ ಅದು ನೇಮಕ, ಆಚೆ ಕೋಣೆ ಎಂದರು. ಆಚೆ ಕೋಣೆಗೆ ಹೋಗಿ, ತಂದಿಟ್ಟ ಯಂತ್ರವನ್ನು ಯಾಕೆ ಹಚ್ಚುತ್ತಿಲ್ಲ ಎಂದು ಕೇಳಿದರೆ ಅದು ಖರೀದಿ, ಮಹಡಿ ಮೇಲೆ ಎಂದರು. ಮಹಡಿ ಹತ್ತಿ ಏದುಸಿರು ಬಿಡುತ್ತ, ಹೊಸ ಕಟ್ಟಡಕ್ಕೆ ಇಷ್ಟು ಸಣ್ಣ ವೈರು ಯಾಕೆ ಎಳೆದಿರಿ ಎಂದು ಕೇಳಿದರೆ ಅದು ಯೋಜನೆ, ಯೋಜನೆಯವರು ಮೀಟಿಂಗಿಗೆ ಹೋಗಿದ್ದಾರೆ ಎಂದರು. ಕೊನೆಗೆ ದುಂಡೇಶ ಎಂಬ ಗುಮಾಸ್ತ ನನ್ನನ್ನು ಕುರ್ಚಿಯಲ್ಲಿ ಕೂಡಿಸಿ ನೀರು ಕೊಟ್ಟು, “ಅಜ್ಜಾರ, ಬಾಯಿಲೆ ಹೇಳಿದ್ದಕ್ಕ ನಂಬರ್ ಬೀಳೂದಿಲ್ರಿ. ಏನೈತಿ ಅದನ್ನ ಬರದ ಕೊಡ್ರಿ” ಎಂದ. “ಯಾರಿಗಂತ ಬರೀಲೋ?” ಎಂದೆ. “ಸಂಬಂಧಪಟ್ಟವರಿಗೆ ಅಂತ ಬರೀರಿ” ಎಂದ.

ಸಂಬಂಧಪಟ್ಟವರು ಯಾರು ಎಂದು ದಾರಿಯುದ್ದಕ್ಕೂ ಯೋಚಿಸಿದೆ. ಖರೀದಿಗೆ ನೇಮಕ ಸಂಬಂಧವಿಲ್ಲ, ನೇಮಕಕ್ಕೆ ಯೋಜನೆ ಸಂಬಂಧವಿಲ್ಲ, ಯೋಜನೆಗೆ ನಮ್ಮೂರೇ ಸಂಬಂಧವಿಲ್ಲ. ಮನೆಗೆ ಬಂದು ಹೇಳಿದರೆ ನನ್ನ ಹೆಂಡತಿ ಸತ್ಯವ್ವ, “ಹೋದಾಗೊಮ್ಮೆ ಇದ್ದಲ್ಲೇ ಇರೂದು ಆ ಯಂತ್ರ ಒಂದ. ಅದಕ್ಕ ಬರದ ಒಗೀರಿ, ನಿಮ್ಮ ಬಾಯಿ ಅಂಗಳ ದಾಟೂದಿಲ್ಲ, ಕಾಗದಾರ ದಾಟ್ಲಿ” ಎಂದಳು. ಐವತ್ತು ವರ್ಷದ ಸಂಸಾರದಲ್ಲಿ ಆಕೆ ಹೇಳಿದ್ದನ್ನು ನಾನು ಒಪ್ಪಿದ್ದು ಅಪರೂಪ. ಇದನ್ನು ಒಪ್ಪಿದೆ.

ಯಾಕೆಂದರೆ ಮಾನ್ಯರೇ, ಇಡೀ ಇಲಾಖೆಯಲ್ಲಿ ನಿಮ್ಮಂಥ ನಿಷ್ಠಾವಂತರನ್ನು ನಾನು ಕಂಡಿಲ್ಲ. ಬಂದಂದಿನಿಂದ ನೀವು ಒಂದು ದಿನ ರಜೆ ಹಾಕಿಲ್ಲ, ತರಬೇತಿ ಎಂದು ಊರು ಬಿಟ್ಟಿಲ್ಲ, ವರ್ಗಾವಣೆಗಾಗಿ ಯಾವ ಮುಖಂಡರ ಮನೆಯ ಕಟ್ಟೆ ಮೇಲೂ ಕೂತಿಲ್ಲ, ಹಾಜರಿ ಹಾಕಿ ಮಧ್ಯಾಹ್ನದ ಬಸ್ಸು ಹಿಡಿದಿಲ್ಲ. ಡಾಕ್ಟರ್ ಸಾಹೇಬರ ಕುರ್ಚಿ ಖಾಲಿ ಇದೆ, ಗುಳಿಗೆ ಕೊಡುವ ಕಿಟಕಿ ಮುಚ್ಚಿದೆ, ಇದ್ದ ಒಬ್ಬ ನರ್ಸಬಾಯಿ ಮಹೇಶ್ವರಿಯನ್ನು ಹಬ್ಬದ ಹೋಳಿಗೆಯಂತೆ ಮೂರು ಊರಿಗೆ ಹರಿದು ಹಂಚಿದ್ದಾರೆ, ಪಾಪ, ಆಕೆ ಸ್ಕೂಟಿಯ ಮೇಲೇ ಅರ್ಧ ಆಯುಷ್ಯ ಕಳೆಯುತ್ತಾಳೆ. ಇಂಥ ಕೇಂದ್ರದಲ್ಲಿ ಹೊದಿಕೆ ತೆಗೆಯದೆ, ಚಕಾರ ಎತ್ತದೆ, ಡ್ಯೂಟಿಯ ಮೇಲೆ ನಿಂತಿರುವವರು ನೀವೊಬ್ಬರೇ. ಹೊರಗೆ ಗೋಡೆಗೆ ಕೂರಿಸಿದ ಇಳಕಲ್ಲಿನ ಕೆಂಪು ಕಲ್ಲಿನ ಫಲಕದಲ್ಲಿ ಎಲ್ಲರ ಹೆಸರೂ ಇವೆ, ಅಧ್ಯಕ್ಷತೆ ವಹಿಸಿದವರು, ಘನ ಉಪಸ್ಥಿತಿ ಎಂದು ಉಪಸ್ಥಿತರಿಲ್ಲದವರು, ನಿಮ್ಮ ಹೆಸರು ಮಾತ್ರ ಇಲ್ಲ. ಇದು ಅನ್ಯಾಯ.

ನೀವು ಬಂದ ದಿನ ನೆನಪಿದೆಯೇ? ಕಳೆದ ವರ್ಷ ಯುಗಾದಿ ಮುಗಿದ ವಾರ. ಬಾಡಿಗೆಗೆ ತಂದ ಜಲಾಲುದ್ದೀನನ ಶಾಮಿಯಾನ, ಅವನದೇ ಜನರೇಟರು, ಉದ್ಘಾಟನೆಗೆ ಬಂದ ಅಕ್ಕಾವರಿಗೆ ಇಳಕಲ್ಲ ಸೀರೆ, ಅಣ್ಣಾವರಿಗೆ ರುಮಾಲು. ನಿಮ್ಮ ತಲೆಯ ಮೇಲಿನ ಕೆಂಪು ದೀಪ ಹತ್ತಿದಾಗ ಊರಿಗೆ ಊರೇ ಚಪ್ಪಾಳೆ ತಟ್ಟಿತು. ನಮ್ಮ ಮನೆತನದಲ್ಲಿ ಒಂದು ರೂಢಿ ಇದೆ: ಹೊಸ ಜಾಗದಲ್ಲಿ ಹಟ್ಟಿ ಹಾಕಿದರೆ ಮನುಷ್ಯರು ಮಲಗುವ ಮೊದಲು ಆಗಷ್ಟೇ ಹುಟ್ಟಿದ ಕುರಿಮರಿಯನ್ನು ಒಳಗೆ ಮಲಗಿಸುತ್ತೇವೆ, ಮರಿ ಬೆದರದೆ ನಿದ್ದೆ ಹೋದರೆ ಜಾಗ ಒಳ್ಳೆಯದು, ಒದರಿದರೆ ಹಟ್ಟಿ ಕಿತ್ತು ಬೇರೆ ಕಡೆ ಹೋಗುತ್ತೇವೆ. ಊರ ಕೂಸುಗಳು ಮಲಗುವ ಜಾಗ ಎಂದ ಮೇಲೆ ಪರೀಕ್ಷೆ ಬೇಡವೇ? ಬೆಳಿಗ್ಗೆ ಹುಟ್ಟಿದ್ದ ಕರಿಮರಿಯೊಂದನ್ನು ಕಂಬಳಿ ತುಂಡಿನಲ್ಲಿ ಸುತ್ತಿ, ನೆತ್ತಿ ಮಾತ್ರ ಕಾಣುವಂತೆ ತಂದು, ನಿಮ್ಮ ಮೆತ್ತನೆಯ ಹಾಸಿಗೆಯ ಮೇಲೆ ಇಟ್ಟೆ. ನಿಮ್ಮ ಕಾವಿಗೆ ಅದು ಕಣ್ಣು ಮುಚ್ಚಿ ಗೊರಕೆ ಹೊಡೆಯಿತು. ಊರವರೆಲ್ಲ ಅರಿಶಿನದ ಭಂಡಾರ ಹಾರಿಸಿದರು.

ಫೋಟೋ ಹೊಡೆದರು. ಕ್ಯಾಮೆರಾ ಕಡೆಗೇ ಮುಖ ಮಾಡಿದ್ದ ಅಕ್ಕಾವರೊಬ್ಬರು “ಎಷ್ಟು ಮುದ್ದಾಗಿದೆ ಮಗು” ಎಂದರು. ಮೇಲಿನಿಂದ ಬಂದಿದ್ದ, ಕೈಯಲ್ಲಿ ಟ್ಯಾಬ್ ಹಿಡಿದವಳೊಬ್ಬಳು ಅದರಿಂದ ಕಣ್ಣೆತ್ತದೆ ಗಂಡೋ ಹೆಣ್ಣೋ ಎಂದಳು, ಗಂಡು ಎಂದೆ. ತೂಕ ಎಂದಳು, ತೂಗಿದ್ದನ್ನು ಹೇಳಿದೆ. ಮನೆಯವರ ಮೊಬೈಲ್ ನಂಬರ್ ಎಂದಳು, ಕೊಟ್ಟೆ. ಕೇಳಿದ್ದಕ್ಕೆಲ್ಲ ಖರೆ ಹೇಳಿದ್ದೇನೆ. ಕೂಸೋ ಕುರಿಯೋ ಎಂದು ಅವರು ಕೇಳಲಿಲ್ಲ.

ಸಂಜೆಗೆ ಜಲಾಲುದ್ದೀನ ಶಾಮಿಯಾನ ಬಿಚ್ಚಿ ಜನರೇಟರನ್ನು ಟ್ರ್ಯಾಕ್ಟರಿಗೆ ಏರಿಸಿಕೊಂಡು ಹೋದ. ಅಂದಿನಿಂದ ನೀವು ತಣ್ಣಗಾಗಿದ್ದೀರಿ. ಗೋಡೆಯ ಕರೆಂಟಿಗೆ ನಿಮ್ಮನ್ನು ಹಚ್ಚಿದರೆ ಇಡೀ ಕಟ್ಟಡದ ಲೈನು ಹಾರುತ್ತದೆ, ಲಸಿಕೆ ಇಟ್ಟ ಫ್ರಿಜ್ಜೂ ಬಂದಾಗುತ್ತದೆ. ಕೂಸನ್ನು ಬೆಚ್ಚಗಿಡಬೇಕೋ ಲಸಿಕೆಯನ್ನು ತಣ್ಣಗಿಡಬೇಕೋ, ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ ಎನ್ನುವಂಥ ಗೋಡೆಯನ್ನು ಕಟ್ಟಲು ಭಾಳ ದೊಡ್ಡ ತಲೆ ಬೇಕು. ನನ್ನ ಹಟ್ಟಿಯಲ್ಲಿ ಕುರಿಗೆ ಜಾಗ ಮಾಡಿದರೆ ನಾಯಿ ಹೊರಗೆ ಬೀಳುವುದಿಲ್ಲ; ಆದರೆ ನಾನು ಕಲಿತವನಲ್ಲ.

ಆಮೇಲೆ ಶುರುವಾಯಿತು ಇಲಾಖೆಯ ಮಮತೆ. ನನ್ನ ಮೊಬೈಲಿಗೆ ಮೆಸೇಜು: ನಿಮ್ಮ ಮಗುವಿಗೆ ಮೊದಲ ಲಸಿಕೆ ಹಾಕಿಸಿ. ಮತ್ತೆ ಮೆಸೇಜು: ಎರಡನೆಯದು ಹಾಕಿಸಿ. ಒಂದು ದಿನ ಫೋನೇ ಬಂತು, ಸತ್ಯವ್ವ ಎತ್ತಿದಳು. ಆ ಕಡೆಯ ಹುಡುಗಿ ಸಕ್ಕರೆಯಂಥ ದನಿಯಲ್ಲಿ, “ಅಮ್ಮಾ, ಮಗು ಎದೆಹಾಲು ಚೆನ್ನಾಗಿ ಕುಡೀತಿದೆಯಾ?” ಎಂದಳು.

“ಕುಡೀತಿತ್ರೀ ಯವ್ವಾ, ಈಗ ಬಿಟ್ಟೈತಿ. ಹುಲ್ಲ ಮೇಯ್ತೈತಿ.”

“ಅಯ್ಯೋ, ಆರು ತಿಂಗಳವರೆಗೆ ಹೊರಗಿನ ಆಹಾರ ಕೊಡಬಾರದಮ್ಮ.”

“ಹೊರಗ ಬಿಟ್ರ ತಾನ ತಿಂತೈತ್ರೀ, ನಾವೇನ್ ಬಾಯಿ ಹಿಡಕೊಂಡ ಕುಂದ್ರೂನು?”

ಸೇವೆ ತೃಪ್ತಿಕರ ಎಂದು ಬರೆದುಕೊಂಡು ಹುಡುಗಿ ಫೋನಿಟ್ಟಳು. ನಾವು ನಕ್ಕೆವು. ಊರೂ ನಕ್ಕಿತು. ನಗು ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂದು ಆಗ ತಿಳಿಯಲಿಲ್ಲ.

ನಮ್ಮೂರಿಗೆ ರಾತ್ರಿಯೂ ಇರುವ ಕಾಯಂ ನರ್ಸ್ ಬೇಕು, ನಿಮಗೆ ದಪ್ಪ ವೈರು ಬೇಕು ಎಂದು ಊರ ಪಂಚಾಯಿತಿಯಿಂದ ಬೇಡಿಕೆ ಹೋಗಿತ್ತಲ್ಲ, ಅದು ವಾಪಸ್ ಬಂತು. ಯಾಕೆಂದು ದುಂಡೇಶನನ್ನು ಕೇಳಿದರೆ ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿ, “ನೋಡ್ರಿ ಅಜ್ಜಾರ, ನಿಮ್ಮೂರಾಗ ಯಂತ್ರದಾಗ ಮಲಗಿದ ಕೂಸು ಒಂದ. ಅದೂ ಆರಾಮ ಐತಿ, ತೂಕಾನೂ ಏರೇತಿ. ಕೆಲಸ ಇಲ್ಲದ ಕಡೆ ಮಂದಿ ಹೆಂಗ ಕೊಡೂದು ಅಂತಾರ ಸಾಹೇಬ್ರು” ಎಂದ.

“ಲೇ ದುಂಡೇಶಾ, ಅದು ಕೂಸಲ್ಲಲೇ, ನನ್ನ ಟಗರು!”

“ಟಗರು ಅಂತ ಹಾಕಾಕ ಇದರಾಗ ಜಾಗ ಇಲ್ರಿ.”

“ಹಂಗಾರ ತಗದ ಹಾಕು.”

“ತಗೀಬೇಕಂದ್ರ ಅದು ಸತ್ತಿದ್ದಕ್ಕ ದಾಖಲೆ ತರಬೇಕ್ರಿ.”

ಬೀರಪ್ಪ ದೇವರ ಹೆಸರಿನಲ್ಲಿ ಬಿಟ್ಟ ಟಗರು ಅದು, ನಿಮ್ಮ ಲೆಕ್ಕ ಸರಿಯಾಗಲಿ ಎಂದು ಕುತ್ತಿಗೆಗೆ ಕೈ ಹಾಕಲಾರೆ. ಹೀಗಾಗಿ ಸರ್ಕಾರದ ಕಣ್ಣಿನಲ್ಲಿ ನಮ್ಮ ಕೇಂದ್ರ ನೂರಕ್ಕೆ ನೂರು ಯಶಸ್ವಿ. ಅಭಿನಂದನೆಗಳು, ಮಾನ್ಯರೇ. ಯಾರೂ ಸಾಯದ ದವಾಖಾನಿ ಇನ್ನೆಲ್ಲಿದೆ?

ಈಗ ನಿಜ ಹೇಳುತ್ತೇನೆ, ನಿಮಗೆ ಗೊತ್ತಿರುವ ನಿಜ, ನೀವು ಅಲ್ಲೇ ಇದ್ದಿರಿ. ಕಳೆದ ವರ್ಷ ಶ್ರಾವಣದಲ್ಲಿ ನನ್ನ ಮೊಮ್ಮಗಳು ಭಾಗ್ಯಾ ಬಾಣಂತನಕ್ಕೆ ಬಂದವಳು ದಿನ ತುಂಬುವ ಮೊದಲೇ ಹೆತ್ತಳು, ನಿಮ್ಮಿಂದ ಒಂದು ಕೈಯಳತೆ ದೂರದ ಮಂಚದ ಮೇಲೆ. ಅಂಗೈಯಗಲದ ಗಂಡುಕೂಸು. ಹೊರಗೆ ಜಿಟಿಜಿಟಿ ಮಳೆ. ಮಹೇಶ್ವರಿ ನಿಮ್ಮ ಹೊದಿಕೆ ಕಿತ್ತು ಸ್ವಿಚ್ ಹಾಕಿದಳು, ಕೆಂಪು ದೀಪ ಒಮ್ಮೆ ಮಿಣುಕಿತು, ಲೈನು ಹಾರಿತು. ಕೂಸನ್ನು ಕಂಬಳಿಯಲ್ಲಿ ಸುತ್ತಿ ಸತ್ಯವ್ವನ ಎದೆಗೆ ಒತ್ತಿಟ್ಟು ಗಾಡಿಯಲ್ಲಿ ಬಾಗಲಕೋಟೆಯ ದೊಡ್ಡ ದವಾಖಾನಿಗೆ ಹೊರಟೆವು. ನನ್ನ ಕುರಿಗಳ ಉಣ್ಣೆ, ನನ್ನ ತಂದೆ ನೇಯ್ದ ಕಂಬಳಿ. ಗುಡ್ಡದ ಮೇಲಿನ ಚಳಿಯಲ್ಲಿ ಎಷ್ಟೋ ಮರಿಗಳನ್ನು ಉಳಿಸಿದ್ದು. ಶಿರೂರು ದಾಟುವಷ್ಟರಲ್ಲಿ ಸತ್ಯವ್ವ ನನ್ನ ಕಡೆ ನೋಡಿದಳು. ಗಾಡಿ ನಿಲ್ಲಿಸಿದೆವು.

ದಾರಿಯಲ್ಲಿ ಹೋದ ಕೂಸು ನಮ್ಮ ಕೇಂದ್ರದ ಲೆಕ್ಕಕ್ಕೆ ಬರುವುದಿಲ್ಲವಂತೆ. ಅದರ ಹೆಸರಿನಲ್ಲಿ ಇದುವರೆಗೆ ಒಂದು ಮೆಸೇಜೂ ಬಂದಿಲ್ಲ. ಟಗರಿನದು ತಪ್ಪದೆ ಬರುತ್ತದೆ.

ಭಾಗ್ಯಾ ಈಗ ಮತ್ತೆ ಬಂದಿದ್ದಾಳೆ. ಡಿಸೆಂಬರ್ ಮೂರನೇ ವಾರ ದಿನ ಹೇಳಿದ್ದಾರೆ, ಮೊದಲಿನಂತೆ ಮುಂಚೆಯೂ ಆಗಬಹುದು ಎಂದಿದ್ದಾರೆ. ಬಾಗಲಕೋಟೆಗೆ ಮೊದಲೇ ಹೋಗಿ ಇರೋಣ ಎಂದರೆ ಯಾವತ್ತು ಹೋಗುವುದು, ಹೋದ ಸಲ ನೋವು ನಮಗೆ ಹೇಳಿ ಬಂದಿತ್ತೇ? ಮೊನ್ನೆ ನಿಮ್ಮ ಕಿಟಕಿಯ ಹೊರಗೆ ನಿಂತು ಒಳಗೆ ನೋಡಿದಳು. “ಯಜ್ಜಾ, ಈ ಸಲ ನನ್ನ ಕೂಸಿನ್ನ ಅದರಾಗ ಮಲಗಸ್ತಾರೇನು?” ಎಂದಳು. ಸಂತೆಯಲ್ಲಿ ಯಾರಿಗೂ ಉತ್ತರ ಬಾಕಿ ಇಡದ ನಾನು ಕೆಮ್ಮಿದೆ. ಈ ಕಾಗದ ಹುಟ್ಟಿದ್ದು ದುಂಡೇಶನ ಮಾತಿಗೂ ಅಲ್ಲ, ಸತ್ಯವ್ವನ ಮಾತಿಗೂ ಅಲ್ಲ, ಆ ಕೆಮ್ಮಿಗೆ.

ಆದ್ದರಿಂದ ತಮ್ಮಲ್ಲಿ ಕೆಲವು ನಮ್ರ ಕೋರಿಕೆಗಳು. ತಮಗೆ ಗಾಲಿಗಳಿವೆ, ದಯವಿಟ್ಟು ಒಮ್ಮೆ ಉರುಳಿಕೊಂಡು ಮೇಲಿನ ಕಚೇರಿಗೆ ಹೋಗಿ, ಖರೀದಿ, ನೇಮಕ, ಯೋಜನೆ ಮೂವರನ್ನೂ ಒಂದೇ ಕೋಣೆಯಲ್ಲಿ ಕೂಡಿಸಿ, ಒಬ್ಬರ ಪರಿಚಯ ಇನ್ನೊಬ್ಬರಿಗೆ ಮಾಡಿಸಬೇಕು, ಅಣ್ಣತಮ್ಮಂದಿರು ಒಂದೇ ಮನೆಯಲ್ಲಿದ್ದೂ ಮುಖ ನೋಡದಿದ್ದರೆ ಹಿರಿಯರು ಮಾಡಿಸುವಂತೆ. ಯಾರಾದರೂ ಹಿರಿಯ ಸಾಹೇಬರು ಒಪ್ಪಿದರೆ ಅವರನ್ನು ತಮ್ಮ ಹಾಸಿಗೆಯ ಮೇಲೆ ಬರಿಮೈಯಲ್ಲಿ ಮಲಗಿಸಿ, ನಮ್ಮ ಗೋಡೆಯ ಕರೆಂಟಿನಲ್ಲಿ ಬೆಚ್ಚಗೆ ಮಾಡಿ ತೋರಿಸಬೇಕು. ಕಾಯಂ ನರ್ಸ್ ಸಿಗುವುದೇ ಇಲ್ಲ ಎಂದಾದರೆ ಆ ಹುದ್ದೆಗೆ ನನ್ನ ಟಗರನ್ನೇ ತೆಗೆದುಕೊಳ್ಳಬೇಕು. ನಿಮ್ಮೊಂದಿಗೆ ಕೆಲಸ ಮಾಡಿದ ಅನುಭವ ಊರಲ್ಲಿ ಅದಕ್ಕೊಂದಕ್ಕೇ ಇದೆ, ಸರ್ಕಾರದ ದಾಖಲೆಯಲ್ಲಿ ಹೆಸರೂ ಇದೆ, ಪಗಾರಕ್ಕೆ ಜೋಳದ ಕಣಕಿ ಮೇವು ಸಾಕು.

ಕೋರಿಕೆ ಮುಗಿಯಿತು. ಇನ್ನು ಕೇಳುವುದು ಕೇಳುತ್ತೇನೆ. ದಪ್ಪ ವೈರು ಎಳೆಯಿರಿ. ರಾತ್ರಿ ಇರುವ ಒಬ್ಬ ನರ್ಸನ್ನು ಕೊಡಿ, ಮಹೇಶ್ವರಿಯನ್ನೇ ಕೊಟ್ಟರೂ ಸರಿ, ಪೂರ್ತಿ ಕೊಡಿ. ನನ್ನ ಟಗರನ್ನು ನಿಮ್ಮ ಲೆಕ್ಕದಿಂದ ತೆಗೆದು, ಆ ಜಾಗದಲ್ಲಿ ಭಾಗ್ಯಾನ ಕೂಸನ್ನು ಬರೆಯಿರಿ, ಹುಟ್ಟಿದ್ದನ್ನೂ ಬರೆಯಿರಿ, ಹೋದದ್ದನ್ನೂ ಬರೆಯಿರಿ.

ಇಲಾಖೆಯ ಮೇಲೆ ಅಲ್ಲದಿದ್ದರೂ ನಿಮ್ಮ ಮೇಲೆ ಇನ್ನೂ ನಂಬಿಕೆ ಇಟ್ಟಿರುವ

ತಮ್ಮ ವಿಶ್ವಾಸಿ,
ಅಮಸಿದ್ದಪ್ಪ
ಹಟ್ಟಿನಾಳ, ಹುನಗುಂದ ತಾಲ್ಲೂಕು

ಮರೆತ ಮಾತು: ಇದನ್ನು ಬರೆದು ಮುಗಿಸುವಾಗ ಮೊಬೈಲ್ ಗುಂಯ್ಗುಟ್ಟಿತು. ನಮ್ಮ ಮಗುವಿನ ಬೂಸ್ಟರ್ ಲಸಿಕೆ ಬಾಕಿ ಇದೆಯಂತೆ, ಡಿಸೆಂಬರ್ ಹತ್ತಕ್ಕೆ ಕೇಂದ್ರಕ್ಕೆ ಕರೆತರಬೇಕಂತೆ, ಅಂದು ಮೇಲಿನ ಸಾಹೇಬರೂ ಪರಿಶೀಲನೆಗೆ ಬರುವರಂತೆ. ಸರ್ಕಾರ ಕರೆದ ಮೇಲೆ ಬಾರದಿರುವುದು ಸರಿಯಲ್ಲ, ಕರೆದುಕೊಂಡು ಬರುತ್ತೇನೆ. ಹಗ್ಗ ಹಾಕಿ ಅಭ್ಯಾಸವಿಲ್ಲ. ಕೋಡು ಈಗ ಎರಡು ಸುತ್ತು ಬಂದಿವೆ, ಅಪರಿಚಿತರನ್ನು ಕಂಡರೆ ಆಗುವುದಿಲ್ಲ. ಡಿಸೆಂಬರ್ ಹತ್ತರ ಬೆಳಿಗ್ಗೆ ನಾವು ಗೇಟಿಗೆ ಬರುವ ಮೊದಲು ನನಗೆ ಉತ್ತರ ಬೇಕು.