ಗಡಿ ದಾಟಿದ ಮಂಚ

ವರ್ಜಿಲ್ ಸ್ಟಾಂಪರನ ನೆಮ್ಮದಿ ಕೆಡಿಸಿದ್ದು ಎದುರುಮನೆ ಹೋಬಾರ್ಟನ ಕೋಟು. ಕೆಂಟಕಿಯ ಆ ಪುಟ್ಟ ಊರಿನಲ್ಲಿ ಗಂಡಸರು ಕೋಟು ಹಾಕುವುದು ಮದುವೆಗೆ, ಇಲ್ಲವೇ ಹೆಣದ ಪೆಟ್ಟಿಗೆಗೆ. ಹೋಬಾರ್ಟ್ ಎರಡು ವಾರದಿಂದ ದಿನಾ ಹಾಕುತ್ತಿದ್ದ. ಲೂಯಿವಿಲ್‌ನ ಫೆಡರಲ್ ಕೋರ್ಟು ಅವನನ್ನು, ಕೇಸು ಕೇಳಿ ತೀರ್ಪು ಹೇಳಲು ಊರ ಜನರನ್ನೇ ಕೂರಿಸುವ ಜ್ಯೂರಿಗೆ ಕರೆದಿತ್ತು. ಕೇಸಿನ ವಿಷಯ ಮಾತಾಡುವಂತಿಲ್ಲ ಎಂದು ಅವನು ಹೋಟೆಲಿನಲ್ಲಿ ತುಟಿ ಬಿಗಿದರೆ, ಜನ ಅದನ್ನೂ ಬಾಯಿಬಿಟ್ಟುಕೊಂಡು ಕೇಳುತ್ತಿದ್ದರು.

ಇಪ್ಪತ್ತು ವರ್ಷ ಹರಟಿದರೂ ತನ್ನ ಮಾತಿಗೆ ಯಾರೂ ತಲೆಯೆತ್ತಿರಲಿಲ್ಲವಲ್ಲ ಎಂದು ವರ್ಜಿಲನ ಹೊಟ್ಟೆ ಉರಿಯಿತು. ತಾನೂ ಲೂಯಿವಿಲ್ ಜ್ಯೂರಿಯಲ್ಲಿ ಕೂರಲೇಬೇಕು. ಆದರೆ ಎರಡು ಕೌಂಟಿಗಳ ಗಡಿ ಅವನ ಮನೆಯೊಳಗೇ ಹಾದುಹೋಗಿತ್ತು. ಫೆಡರಲ್ ಕೋರ್ಟಿನ ಪೂರ್ವ ಜಿಲ್ಲೆ, ಪಶ್ಚಿಮ ಜಿಲ್ಲೆಗಳಿಗೂ ಅದೇ ಗಡಿ. ಲೂಯಿವಿಲ್‌ಗೆ ಪಶ್ಚಿಮದವರನ್ನೇ ಕರೆಯುವುದು. ಇಂಥ ಮನೆಯವರು ಮಲಗುವ ಮಂಚ ಯಾವ ಕಡೆಗಿದೆಯೋ ಆ ಕಡೆಯವರು ಎಂಬುದು ಊರ ರೂಢಿ. ವರ್ಜಿಲನ ಮಂಚ ಪೂರ್ವದಲ್ಲಿತ್ತು. ಪಶ್ಚಿಮದಲ್ಲಿದ್ದದ್ದು ಅಡುಗೆಮನೆ.

ಬೆಳಗ್ಗೆ ಎದ್ದವನೇ ಮಂಚವನ್ನು ಒಲೆಯ ಪಕ್ಕಕ್ಕೆ ಎಳೆದ. ಫ್ರಿಜ್ಜಿನ ಬಾಗಿಲು ಅರ್ಧ ಮಾತ್ರ ತೆರೆಯುವಂತಾಯಿತು. ಇನ್ನು ಮೊಟ್ಟೆ ಬೇಯಿಸಲು ದಿಂಬಿನ ಮೇಲೆ ಮೊಣಕಾಲೂರಬೇಕೇ ಎಂದು ಹೆಂಡತಿ ಲೊರೆನಾ ಕೇಳುವಷ್ಟರಲ್ಲಿ ಅವನು ಪಶ್ಚಿಮ ಕೌಂಟಿಯ ಕಚೇರಿಗೆ ಹೊರಟಾಗಿತ್ತು.

ಜ್ಯೂರಿಯವರನ್ನು ಆರಿಸುವುದು ಮತದಾರರ ಪಟ್ಟಿಯಿಂದ. ಅದಕ್ಕೆ ಹೆಸರು ಸೇರಿಸಿ ಎಂದ. ಅಲ್ಲಿದ್ದ ಹೆಂಗಸು, ಜ್ಯೂರಿಗಾದರೆ ಆ ಜಿಲ್ಲೆಯಲ್ಲಿ ಒಂದು ವರ್ಷ ವಾಸವಾಗಿರಬೇಕು ಎಂದಳು. ಅಷ್ಟರಲ್ಲಿ ಹೋಬಾರ್ಟನ ಕಾರು ಲೂಯಿವಿಲ್ ಕಡೆ ಹೋಗುವುದು ಕಿಟಕಿಯಲ್ಲಿ ಕಂಡಿತು. ವರ್ಜಿಲನ ವಿವೇಕವೂ ಅದರ ಹಿಂದೆಯೇ ಹೋಯಿತು.

"ಹದಿಮೂರು ತಿಂಗಳಾಯ್ತಮ್ಮ, ನಾನು ಅಡುಗೆಮನೇಲೇ ಮಲಗ್ತಿರೋದು" ಎಂದು ಬಲಗೈ ಎತ್ತಿ ಪ್ರಮಾಣ ಮಾಡಿ ಸಹಿ ಹಾಕಿದ.

ಮನೆಗೆ ಬಂದರೆ ಲೊರೆನಾ ಒಂದು ಲಕೋಟೆ ಕೊಟ್ಟಳು. ಪೂರ್ವ ಜಿಲ್ಲೆಯ ಲೆಕ್ಸಿಂಗ್ಟನ್ ಕೋರ್ಟು ಅವನನ್ನು ಸೋಮವಾರ ಜ್ಯೂರಿಗೆ ಕರೆದಿತ್ತು. ಅಂದೇ ಅಲ್ಲಿ, ಪೇಪರುಗಳೆಲ್ಲ ಬರೆಯುತ್ತಿದ್ದ ರೇಸುಕುದುರೆ ಮೋಸದ ಕೇಸು ಶುರು. ಅದರ ಮುಂದೆ ಹೋಬಾರ್ಟನ ಕೇಸು ಯಾವ ಲೆಕ್ಕ? ಜೊತೆಗಿದ್ದ ಕಾಗದ ಕೇಳಿದ್ದು ಒಂದೇ: ಒಂದು ವರ್ಷದಿಂದ ಪೂರ್ವ ಜಿಲ್ಲೆಯಲ್ಲೇ ವಾಸವಿದ್ದೀರಾ, ಪ್ರಮಾಣ ಮಾಡಿ ತಿಳಿಸಿ.

ವರ್ಜಿಲ್ ಮಂಚವನ್ನು ಹಿಂದಕ್ಕೆ ಎಳೆಯತೊಡಗಿದ. ಅದು ಬಾಗಿಲಲ್ಲಿ ಸಿಕ್ಕಿಕೊಂಡಿತು. ಸಂಜೆ ಸದ್ದು ಕೇಳಿ ಕೋಟಿನಲ್ಲೇ ಬಂದ ಹೋಬಾರ್ಟ್, ನಡೆದದ್ದನ್ನೆಲ್ಲ ಲೊರೆನಾಳಿಂದ ಕೇಳಿ, ಕಾಗದವನ್ನು ಎರಡು ಸಲ ಓದಿದ.

"ಬೆಳಗ್ಗೆ ಅಲ್ಲಿ ಒಂದು ಆಣೆ, ಈಗ ಇಲ್ಲಿ ಇನ್ನೊಂದು. ಎರಡ್ರಲ್ಲಿ ಒಂದು ಸುಳ್ಳು ಅಂತ ಕಂಡುಹಿಡಿಯೋಕೆ ಅವರಿಗೆ ಎಷ್ಟು ಹೊತ್ತು ಮಾರಾಯ? ಸುಳ್ಳಾಣೆ ಇಟ್ಟಿದ್ದು ಪಶ್ಚಿಮದಲ್ಲಿ. ಹಾಗಾಗಿ ವಿಚಾರಣೆ ಲೂಯಿವಿಲ್ಲಲ್ಲೇ. ನಿನ್ನಾಸೆ ಈಡೇರುತ್ತೆ, ಕೂರೋ ಜಾಗ ಮಾತ್ರ ಬೇರೆ."

ವರ್ಜಿಲ್ ಕಾಗದದ ಮೇಲೆ 'ಇಲ್ಲ' ಎಂದು ಬರೆದು, ಮಂಚವನ್ನು ಮತ್ತೆ ಒಲೆಯ ಕಡೆಗೆ ತಳ್ಳಿದ. ಲೊರೆನಾ ತನ್ನ ಹಾಸಿಗೆಯನ್ನು ಪೂರ್ವದ ಕೋಣೆಯ ಸೋಫಾದ ಮೇಲೆ ಹಾಸಿಕೊಂಡಳು. ಆ ಲಕೋಟೆಯ ಕೆಳಗೆ ಅದೇ ಕೋರ್ಟಿನ ಇನ್ನೊಂದು ಇತ್ತು, ಅವಳ ಹೆಸರಿಗೆ. ಸೋಮವಾರಕ್ಕೆಂದು ಅವಳು ತನ್ನ ನೀಲಿ ಕೋಟಿಗೆ ಇಸ್ತ್ರಿ ಹಾಕತೊಡಗಿದಳು.