ಹಸಿರು ಮುಚ್ಚಳದ ಸಾಕ್ಷಿ

ಚಿತ್ತಾಪುರದ ರಸ್ತೆಯಲ್ಲಿ ನಮ್ಮ ಕಾಕಾನ ಪಿಕಪ್ ಗಾಡಿಯ ಟೈರು ಒಡೆದದ್ದು ಡ್ರೈವರ್ ಖಾಸಿಂಸಾಬನ ನಿಷ್ಕಾಳಜಿಯಿಂದ ಎಂದು ಸೇಡಂನಲ್ಲಿ ಎಲ್ಲರೂ ಹೇಳುತ್ತಾರೆ. ಹೇಳುವವರಲ್ಲಿ ಒಬ್ಬನಾದರೂ ಆ ದಿನ ಗಾಡಿಯ ಹತ್ತಿರ ಇದ್ದನೇ? ನಾನಿದ್ದೆ. ಇದ್ದುದಷ್ಟೇ ಅಲ್ಲ, ವಾದವನ್ನೂ ಮಾಡಿದ್ದೆ.

ಶೇಷಗಿರಿ ಕಾಕಾ ಮಾಸ್ತರಿಕೆಯಿಂದ ನಿವೃತ್ತರಾಗಿ, ನೆಲಕ್ಕೆ ಹಾಸುವ ಶಹಾಬಾದಿನ ಫರಸಿ ಕಲ್ಲನ್ನು ಚಿಂಚೋಳಿಗೆ ಸಾಗಿಸಲು ಪಿಕಪ್ ಕೊಂಡಿದ್ದರು. ಯಾರೋ ಹೈದರಾಬಾದಿನಿಂದ ಅವರಿಗೆ ಟೈರಿನ ಗಾಳಿ ತೋರಿಸುವ ನಾಲ್ಕು ಮುಚ್ಚಳ ತಂದುಕೊಟ್ಟರು. ವಾಲ್ವಿಗೆ ತಿರುಗಿಸಿ ಕೂಡಿಸಿದರೆ ಆಯಿತು. ಗಾಳಿ ಸಾಕಷ್ಟಿದ್ದರೆ ಹಸಿರು, ಕಡಿಮೆಯಾದರೆ ಹಳದಿ, ತೀರ ಇಳಿದರೆ ಕೆಂಪು. ಅಲ್ಲಿಂದ ಕಾಕಾ ದಿನಾ ಸ್ನಾನ, ಸಂಧ್ಯಾವಂದನೆ ಮುಗಿಸಿ ನಾಲ್ಕು ಗಾಲಿಗಳ ದರ್ಶನವನ್ನೂ ಮಾಡತೊಡಗಿದರು.

ಅಂದು ಶಹಾಬಾದಿನ ಕಲ್ಲಿನ ಖಣಿಯ ಹತ್ತಿರ ಗಾಡಿಗೆ ಫರಸಿ ಹೇರಿ ಮುಗಿದಿತ್ತು. ಖಾಸಿಂಸಾಬ ಕಬ್ಬಿಣದ ಸರಳಿನಿಂದ ಹಿಂದಿನ ಗಾಲಿಗೆ ಬಡಿದು, ಕಿವಿಗೊಟ್ಟು, "ಮಾಲಕ್ರ, ಹವಾ ಕಮ್ಮಿ ಅದ. ತುಂಬಿಸ್ಕೊಂಡು ಹೋಗೂಣ್ರಿ" ಅಂದ.

"ಹಸಿರು ಕಾಣಾಕತ್ತದಲ್ಲೋ, ಕಣ್ಣಿಲ್ಲೇನು ನಿನಗ?" ಎಂದರು ಕಾಕಾ.

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಕಪ್ ಗೆದ್ದ ಬಾಯಿ ನನ್ನದು, ಸುಮ್ಮನಿರುತ್ತದೆಯೇ? "ಕಮ್ಮಿ ಅಂದ್ರ ಎಷ್ಟು ಕಮ್ಮಿ, ಖಾಸಿಂ ಮಾಮಾ?"

"ಭಾಳ ಕಮ್ಮಿರಿ."

"ಭಾಳ ಅಂದ್ರ ಎಷ್ಟು? ಲೆಕ್ಕ ಹೇಳು."

"ಲೆಕ್ಕ ನನಗ ಬರಂಗಿಲ್ರಿ. ಸಪ್ಪಳ ತಿಳೀತದ."

"ಸಪ್ಪಳ ಪುರಾವೆ ಆಗಂಗಿಲ್ಲ ಮಾಮಾ!"

ಕಲ್ಲು ಹೇರಿದವರೆಲ್ಲ ನಕ್ಕರು. ಖಾಸಿಂಸಾಬ ಸರಳನ್ನು ಸೀಟಿನ ಕೆಳಗೆ ಒಗೆದು, "ನಿಮ್ಮ ಬಾಯಾಗಿನ ಹವಾ ಗಾಲ್ಯಾಗ ಇದ್ದಿದ್ರ ಚಿಂಚೋಳಿ ಯಾಕ, ದಿಲ್ಲಿತನಕ ಹೋಗಬಹುದಿತ್ತು ನೋಡ್ರಿ" ಎನ್ನುತ್ತ ಗಾಡಿ ಹತ್ತಿದ. ಎದುರಾಳಿ ಲೇವಡಿಗೆ ಇಳಿದನೆಂದರೆ ಅವನ ವಾದ ಮುಗಿಯಿತೆಂದೇ ಅರ್ಥ ಎಂದು ನಾನು ಹಿಗ್ಗಿದೆ.

ಚಿತ್ತಾಪುರ ಇನ್ನೂ ದೂರವಿರುವಾಗಲೇ ಹಿಂದಿನ ಟೈರು ಢಂ ಎಂದಿತು. ಗಾಡಿ ರಸ್ತೆಯ ಬದಿಗೆ ವಾಲಿತು, ಫರಸಿ ಚೂರುಚೂರಾಯಿತು. ಸ್ಟೇರಿಂಗಿಗೆ ಬಡಿದು ಖಾಸಿಂಸಾಬನ ಹಣೆ ಊದಿಕೊಂಡಿತು. ಮರುದಿನವೇ ಕಾಕಾ ಅವನನ್ನು ಕೆಲಸದಿಂದ ಬಿಡಿಸಿದರು. ಮನೆಯಲ್ಲಿ ಮೂರು ಹೆಣ್ಣುಮಕ್ಕಳಿರುವ ಮನುಷ್ಯ, ಗಾಡಿಯ ಚಾವಿ ಕಟ್ಟೆಯ ಮೇಲಿಟ್ಟು ಹೋದ.

ಆಮೇಲೆ ನಾನು ಆ ಮುಚ್ಚಳಗಳ ಪೊಟ್ಟಣವನ್ನು ಹುಡುಕಿ ತೆಗೆದೆ. ಅವು ಕಾರಿನ ಟೈರಿಗೆಂದು ಮಾಡಿದವು ಎಂದು ಹಿಂಬದಿಯಲ್ಲಿ ಅಚ್ಚಾಗಿತ್ತು. ಗಾಳಿ ಮೂವತ್ತೆರಡು ಪೌಂಡ್ ಇದ್ದರೆ ಸಾಕು, ಹಸಿರು. ಕಲ್ಲು ಹೊತ್ತ ಪಿಕಪ್ಪಿನ ಹಿಂದಿನ ಗಾಲಿಗೆ ಹೆಚ್ಚುಕಡಿಮೆ ಅದರ ದುಪ್ಪಟ್ಟು ಬೇಕು. ಮೊದಲು ಮುಚ್ಚಳದ ಮೇಲೆ ಸಿಟ್ಟು ನೆತ್ತಿಗೇರಿತು. ಆದರೆ ಮುಚ್ಚಳ ಸುಳ್ಳು ಹೇಳಿರಲಿಲ್ಲ. ಅದಕ್ಕೆ ಗೊತ್ತಿರದ ಸಂಗತಿಗೆ ಅದನ್ನು ಸಾಕ್ಷಿಗೆ ನಿಲ್ಲಿಸಿದವರು ನಾವು. ಎಲ್ಲರನ್ನೂ ಆಧಾರ ಕೇಳುವ ನಾನು ಆ ಪೊಟ್ಟಣವನ್ನು ಒಮ್ಮೆಯೂ ಮಗುಚಿ ನೋಡಿರಲಿಲ್ಲ.

ಇದನ್ನು ಕಾಕಾನ ಮುಂದೆ ಹೇಳಲು ನನ್ನಂಥ ಮಾತುಗಾರನಿಗೆ ಎರಡು ವಾರ ಹಿಡಿಯಿತು. ಪೊಟ್ಟಣ ಅವರ ಕೈಗಿಟ್ಟೆ. ಓದಿದರು. ಕನ್ನಡಕ ತೆಗೆದು ಧೋತರದ ಅಂಚಿನಿಂದ ಒರೆಸುತ್ತ ಕುಳಿತರು.

"ಕಾಕಾ, ಖಾಸಿಂ ಮಾಮಾಗ ಬಿಡಿಸಿದ್ದು ಟೈರ್ ಒಡೀತು ಅಂತೋ, ಅಂವ ಹೇಳಿದ್ದು ಖರೇ ಆತು ಅಂತೋ?"