ಡಾಕ್ ಅಂದರೆ ಡಾಕಾ ಅಲ್ಲ

ಬೀದರ ಜಿಲ್ಲೆಯ ಜನ ಎಷ್ಟು ನಿರ್ಭಯದಿಂದ ಬದುಕುತ್ತಿದ್ದಾರೆ ಎಂಬುದನ್ನು ಪತ್ತೆ ಹಚ್ಚಲು ನನಗಿಂತ ಯೋಗ್ಯ ಮನುಷ್ಯ ಇಡೀ ಹೈದರಾಬಾದ್ ಸಂಸ್ಥಾನದಲ್ಲಿ ಸಿಗಲಾರ ಎಂದು ಆಗ ನನಗೆ ಖಾತ್ರಿಯಿತ್ತು. ನಿಜಾಮರ ಆಳ್ವಿಕೆಯನ್ನು ಕೊನೆಗಾಣಿಸಿದ ಪೋಲೀಸ್ ಆಕ್ಷನ್ ಮುಗಿದು ಒಂದು ಮಳೆಗಾಲ ಕಳೆದಿತ್ತು. ಕಚೇರಿಗಳಲ್ಲಿ ಹೊಸ ಸಾಹೇಬರು ಬಂದು ಕೂತಿದ್ದರು. ಅವರಲ್ಲೊಬ್ಬರಿಗೆ, ಯಾವ ತಾಲೂಕಿನಲ್ಲಿ ಕಳವು ಎಷ್ಟು, ಹೊಡೆದಾಟ ಎಷ್ಟು, ದರೋಡೆ, ಅಂದರೆ ನಮ್ಮ ಕಡೆಯ ಮಾತಿನಲ್ಲಿ ಡಾಕಾ, ಎಷ್ಟು ಎಂದು ತಿಳಿಯಬೇಕಾಗಿತ್ತು. ಜೊತೆಗೆ, ಜನರಿಗೆ ಅಂಜಿಕೆ ಇದೆಯೋ ಇಲ್ಲವೋ ಅದೂ ಗೊತ್ತಾಗಬೇಕಿತ್ತು. ನನಗೆ ಕನ್ನಡ, ಉರ್ದು, ಮರಾಠಿ ಬರುತ್ತಿದ್ದವು. ಹೈದರಾಬಾದಿನಲ್ಲಿ ಕಾಲೇಜು ಕಲಿತು ಬಂದಿದ್ದೆ. ಸ್ವಂತ ಸೈಕಲ್ಲೂ ಇತ್ತು. ಸೈಕಲ್ಲನ್ನು ನೋಡಿಯೇ ನನ್ನನ್ನು ಆರಿಸಿದರೆಂದು ಆಮೇಲೆ ತಿಳಿಯಿತು!

ಸುದ್ದಿ ಕೇಳಿ ನನ್ನ ಹೆಂಡತಿ ಕಾಶೀಬಾಯಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

"ಊರೂರು ತಿರುಗಿ ಅಂಜಿಕಿ ಅದ ಏನ್ರಿ ಅಂತ ಕೇಳೋರು ನೀವೇನು?"

"ಹೌದು. ಯಾಕ?"

"ಕತ್ತಲಾತು ಅಂದ್ರ ಹಿತ್ತಲಕ್ಕ ಹೋಗ್ಲಕ್ಕೂ ಕಂದೀಲ್ ಕೇಳ್ತೀರಿ. ಮೊದಲ್ ನಿಮ್ಮನ್ನ ನೀವೇ ಕೇಳ್ಕೋರಿ!"

ವಿದ್ಯಾವಂತನಾದವನು ಇಂಥ ಮಾತಿಗೆ ಉತ್ತರ ಕೊಡಬಾರದು. ನಾನು ಕೊಡಲಿಲ್ಲ. ಬದಲಿಗೆ ಪೇಟೆಗೆ ಹೋಗಿ, ಸರಕಾರಿ ಕೆಲಸಕ್ಕೆ ತಕ್ಕ ಗಾಂಭೀರ್ಯ ಇರಲೆಂದು ಹಳೆಯದೊಂದು ಕೋಟು ಕೊಂಡು ತಂದೆ. ಗಟ್ಟಿ ಬಟ್ಟೆ, ಹಿತ್ತಾಳೆ ಗುಂಡಿ, ದೊಡ್ಡ ದೊಡ್ಡ ಜೇಬು. ಬಣ್ಣ ಖಾಕಿ.

"ಇದ್ನ ಹಾಕ್ಕೊಂಡು ಹಳ್ಳಿಗಿ ಹೋಗಬ್ಯಾಡ್ರಿ. ಖಾಕಿ ನೋಡಿದ್ರ ಮಂದಿ ಇನ್ನಾ ಬೆಚ್ಚಿ ಬೀಳ್ತಾರ" ಎಂದಳು ಕಾಶೀಬಾಯಿ.

"ಹಂಗಲ್ಲ, ಇದು ಮಂದಿಗಿ ಧೈರ್ಯ ಕೊಡ್ತದ" ಎಂದೆ.

ಮೊದಲು ಭಾಲ್ಕಿ. ಅಲ್ಲಿ ನನ್ನ ಕೆಲಸ ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಸಾಗಿತು. ಪೇಟೆಯ ಬಟ್ಟೆ ಅಂಗಡಿಯ ಸೇಠರು ದೂರದಿಂದ ನನ್ನನ್ನು ಕಂಡವರೇ ಅರ್ಧ ಬಾಗಿಲು ಹಾಕಿದರು. ಹತ್ತಿರ ಹೋದಾಗ ಉಳಿದರ್ಧವನ್ನೂ ಹಾಕಿದರು. ನಾನು ಬಾಗಿಲ ಸಂದಿಗೆ ಬಾಯಿ ಇಟ್ಟು, "ಇಲ್ಲಿ ಏನಾರ ಅಂಜಿಕಿ ಅದ ಏನ್ರಿ?" ಎಂದು ಕೇಳಿದೆ.

"ಏನೂ ಇಲ್ರಿ ಸಾಹೇಬ್ರ! ಭಾಳ ಆರಾಮ ಇದ್ದೇವ್ರಿ!" ಎಂದು ಒಳಗಿನಿಂದ ಉತ್ತರ ಬಂತು. ಆಮೇಲೆ ಅಗಳಿ ಬಿದ್ದ ಸದ್ದೂ ಬಂತು.

ಹಲಬರ್ಗಾದ ಕಡೆಯ ಹೊಲಗಳಲ್ಲೂ ಅದೇ ಉತ್ತರ. ನನ್ನನ್ನು ಕಂಡ ಕೂಡಲೇ ಎದ್ದು ನಿಂತು, ರುಮಾಲು ಕೈಗೆ ತೆಗೆದುಕೊಂಡು, "ಭಾಳ ಆರಾಮ ಇದ್ದೇವ್ರಿ" ಎನ್ನುತ್ತಿದ್ದರು. ಕೆಲವರಂತೂ ನಾನು ಪ್ರಶ್ನೆ ಕೇಳುವ ಮೊದಲೇ ಎಂದರು. ಈ ಜನ ನಿಜಾಮರ ಜವಾನನಿಗೂ ಹೀಗೇ ಹೇಳಿದ್ದರು, ಆಮೇಲೆ ಬಂದೂಕು ಹಿಡಿದು ಬಂದವರಿಗೂ ಹೀಗೇ ಹೇಳಿದ್ದರು, ಮಿಲಿಟರಿಯವರಿಗೂ ಹೀಗೇ ಹೇಳಿದ್ದರು ಎಂಬುದು ನನಗೆ ಹೊಳೆಯಲಿಲ್ಲ. ಭಾಲ್ಕಿ ತಾಲೂಕಿನಲ್ಲಿ ಅಪರಾಧವೇ ಇಲ್ಲ ಎಂದು ತೀರ್ಮಾನಿಸಿ, ಸಾಹೇಬರು ನನ್ನ ಬೆನ್ನು ತಟ್ಟುವುದನ್ನು ಊಹಿಸಿಕೊಳ್ಳುತ್ತ ಔರಾದಿನ ಕಡೆ ಸೈಕಲ್ ತುಳಿದೆ.

ಚಿಂತಾಕಿಯ ಆಚೆ ಒಂದು ಸಣ್ಣ ಹಳ್ಳಿ. ಬಿಳಿಜೋಳ ಹಾಲುಗಾಳಾಗಿ ನಿಂತ ದಿನಗಳು. ಹೊಲದ ಅಟ್ಟದ ಮೇಲೆ ನಿಂತು ಗಂಡಸರು ಕವಣೆ ಬೀಸಿ ಹಕ್ಕಿ ಓಡಿಸುತ್ತಿದ್ದರು. ಊರ ಬಾಯಲ್ಲೇ, ಬೇವಿನ ಮರದ ಕೆಳಗಿನ ಮನೆಯಂಗಳದಲ್ಲಿ, ಒಬ್ಬ ಮುದುಕಿ ಮೊರದಲ್ಲಿ ಬೇಳೆ ಕೇರುತ್ತ ಕೂತಿದ್ದಳು. ಅವಳ ಹೆಸರು ಮಲನ್‌ಬಿ ಎಂದೂ, ಊರೆಲ್ಲ ಅವಳನ್ನು ಖಾಲಾ, ಅಂದರೆ ಚಿಕ್ಕಮ್ಮ, ಎನ್ನುತ್ತದೆ ಎಂದೂ, ಅವಳ ಮಗ ಮಹಬೂಬ ಊರು ಬಿಟ್ಟು ಹೋದ ದರ್ಜಿ ಎಂದೂ ನನಗೆ ಆಗ ತಿಳಿದಿರಲಿಲ್ಲ. ಅವಳಿಗೆ ಕಿವಿ ಮಂದ ಎಂಬುದು ಮಾತ್ರ ಬೇಗ ತಿಳಿಯಿತು.

ಈ ಸಲ ಸುತ್ತಿ ಬಳಸಿ ಕೇಳದೆ, ನೇರವಾಗಿ ಕೇಳಬೇಕು ಎಂದುಕೊಂಡಿದ್ದೆ.

"ಅಮ್ಮಾ, ನಿಮ್ಮ ಊರಾಗ ಡಾಕಾ ಬಿದ್ದಿತ್ತೇನು?"

ಅವಳು ನನ್ನ ಖಾಕಿ ಕೋಟು ನೋಡಿದಳು. ಜೇಬು ನೋಡಿದಳು. ಮುಖ ಅರಳಿತು. "ಡಾಕ್ ಬಂತಾ? ಮಹಬೂಬಂದಾ?"

ಡಾಕ್ ಎಂದರೆ ಟಪಾಲು! ಖಾಕಿ ತೊಟ್ಟು, ಸೈಕಲ್ ಏರಿ, ಮನೆ ಬಾಗಿಲಿಗೆ ಬಂದು "ಡಾಕ್" ಎನ್ನುವವನು ಟಪಾಲಿನವನಲ್ಲದೆ ಇನ್ನಾರು?

"ಡಾಕ್ ಅಲ್ರಿ. ಡಾಕಾ."

"ಹಾಂ, ಅದೇ. ಕೊಡು ಬೇಟಾ."

ನಾನು ದನಿ ಏರಿಸಿದೆ. ಕಾಲೇಜಿನ ನಾಟಕದಲ್ಲಿ ಕೊನೆಯ ಸಾಲಿಗೂ ಕೇಳುವಂತೆ ಮಾತಾಡುತ್ತಿದ್ದವನು ನಾನು. ಎದೆ ತುಂಬ ಗಾಳಿ ಎಳೆದುಕೊಂಡು ಕೂಗಿದೆ: "ಡಾಕಾ! ಡಾಕಾ ಬಿತ್ತೇನು? ಡಾಕಾ!"

ಬಾವಿಯ ಹತ್ತಿರ ಒಂದು ಕೊಡ ಬಿದ್ದು ಒಡೆಯಿತು. ಯಾರೋ ಹೆಂಗಸು "ಡಾಕಾ ಬಿತ್ತೋ!" ಎಂದು ಚೀರಿದಳು. ಮಾಳಿಗೆಯ ಮೇಲಿಂದ ಇನ್ನೊಬ್ಬರು "ಡಾಕಾ ಬಿತ್ತೋ!" ಎಂದರು. ಯಾರೋ ಹಲಗೆ ಬಡಿಯಲಾರಂಭಿಸಿದರು. ಬಾಗಿಲುಗಳು ಧಡಧಡ ಮುಚ್ಚಿದವು. ಅಟ್ಟದ ಮೇಲಿದ್ದವರು ಜೋಳದೊಳಗೆ ಧುಮುಕಿ ಊರ ಕಡೆ ಓಡಿ ಬರತೊಡಗಿದರು.

ಇಷ್ಟೆಲ್ಲ ನೋಡಿದ ಮೇಲೆ ಸಂಶಯಕ್ಕೆ ಜಾಗವಿರಲಿಲ್ಲ. ಊರಿಗೆ ನಿಜವಾಗಿಯೂ ಡಾಕಾ ಬಿದ್ದಿದೆ! ಅದೂ ನಾನು ಬಂದ ಹೊತ್ತಿಗೇ! ಸೈಕಲ್ಲನ್ನು ಅಲ್ಲೇ ಬಿಟ್ಟು ಓಟ ಕಿತ್ತೆ. ಓಡುತ್ತ, ನಾಗರಿಕನಾದವನ ಕರ್ತವ್ಯವೆಂದು, "ಡಾಕಾ ಬಿತ್ತೋ!" ಎಂದು ನಾನೂ ಕೂಗಿದೆ.

ತಿರುಗಿ ನೋಡಿದರೆ ಊರೇ ನನ್ನ ಹಿಂದೆ ಓಡಿ ಬರುತ್ತಿತ್ತು. ನಾನು ಮುಂದೆ, ಊರು ಹಿಂದೆ. ಆಪತ್ತಿನಲ್ಲಿ ಎಷ್ಟು ಒಗ್ಗಟ್ಟು ಈ ಜನಕ್ಕೆ ಎಂದು ಓಡುತ್ತಲೇ ಮೆಚ್ಚಿಕೊಂಡೆ. ಅಷ್ಟರಲ್ಲಿ ಒಂದು ಕವಣೆ ಕಲ್ಲು ಕಿವಿಯ ಪಕ್ಕ ಸುಂಯ್ ಎಂದು ಹೋಗಿ ಗೋಡೆಗೆ ಬಡಿದು ಪುಡಿಯಾಯಿತು. ಡಾಕುಗಳು ನಮ್ಮ ಮೇಲೆ ಕಲ್ಲು ಬೀಸುತ್ತಿದ್ದಾರೆ! ಕಾಲು ಇನ್ನೂ ಚುರುಕಾದವು.

"ಖಾಕಿ ಕೋಟಿನವನ್ನ ಬಿಡಬ್ಯಾಡ್ರೋ!" ಎಂದು ಹಿಂದಿನಿಂದ ಯಾರೋ ಅರಚಿದರು.

ಹಾಗಾದರೆ ಡಾಕು ಖಾಕಿ ಕೋಟು ತೊಟ್ಟಿದ್ದಾನೆ. ಒಳ್ಳೆಯ ಗುರುತು. ಅವನೆಲ್ಲಿದ್ದಾನೆಂದು ಎಡಕ್ಕೆ ನೋಡಿದೆ. ಬಲಕ್ಕೆ ನೋಡಿದೆ. ಆಮೇಲೆ ನನ್ನ ತೋಳು ನೋಡಿಕೊಂಡೆ.

ಆ ಕ್ಷಣದ ಬಗ್ಗೆ ತಮಾಷೆಯಾಗಿ ಬರೆಯಲು ಎಷ್ಟೋ ಸಲ ಪ್ರಯತ್ನಿಸಿದ್ದೇನೆ, ಆಗಿಲ್ಲ. ಆ ಕಾಲದಲ್ಲಿ ಗುರುತಿಲ್ಲದ ಮನುಷ್ಯ ಯಾವುದಾದರೂ ಊರಲ್ಲಿ ಸತ್ತು ಬಿದ್ದರೆ, ಅವನು ಯಾರು ಎಂದು ಕೇಳುವವರು ಕಡಿಮೆ. ನನ್ನ ಹೆಸರು ಹೇಳುವಷ್ಟು ಉಸಿರೂ ನನ್ನಲ್ಲಿ ಉಳಿದಿರಲಿಲ್ಲ. ಕೋಟು ಬಿಚ್ಚಿ ಎಸೆಯೋಣವೆಂದರೆ ಆ ಹಿತ್ತಾಳೆ ಗುಂಡಿಗಳು ಬಿಚ್ಚಲಿಲ್ಲ. ಓಣಿ ಹಿಡಿದು ತಿರುಗಿದೆ, ಕುರಿಹಟ್ಟಿ ಹಾರಿದೆ, ಕುರಿಗಳ ಮೇಲೇ ಬಿದ್ದೆ, ಎದ್ದೆ, ಊರನ್ನು ಪೂರ್ತಿ ಒಂದು ಸುತ್ತು ಹಾಕಿ ಅದೇ ಬೇವಿನ ಮರದ ಬುಡಕ್ಕೆ ಬಂದು ಕುಸಿದೆ. ಕಾಲೇಜು ಕಲಿತವನಿಗೆ ಊರಿನಿಂದ ಹೊರಗೆ ಹೋಗುವ ದಾರಿ ಸಿಕ್ಕಿರಲಿಲ್ಲ!

ಮೊದಲು ಬಂದು ಮುಟ್ಟಿದವನ ಕೈಯಲ್ಲಿ ಕುಡುಗೋಲು ಇತ್ತು. ಅದರ ಹಿಡಿಗೆ ನೀಲಿ ಬಟ್ಟೆ ಸುತ್ತಿತ್ತು. ಇವತ್ತಿಗೂ ಕಣ್ಣು ಮುಚ್ಚಿದರೆ ಮೊದಲು ಕಾಣುವುದು ಆ ನೀಲಿ ಬಟ್ಟೆ.

ಆಗ ಮಲನ್‌ಬಿ ಮೊರ ಬಿಸಾಡಿ ಎದ್ದಳು. ನನ್ನ ಮುಂದೆ ಬಂದು, ಎರಡೂ ಕೈ ಅಗಲಿಸಿ ನಿಂತಳು. ನನ್ನ ಅರ್ಧದಷ್ಟು ಎತ್ತರವೂ ಇರದ ಹೆಂಗಸು.

"ಖಬರ್‌ದಾರ್! ಡಾಕಿನವನ ಮೈ ಮುಟ್ಟೀರಿ!"

ಕುಡುಗೋಲಿನವನು ಶಿವರಾಯ. "ಖಾಲಾ, ಸರೀರಿ! ಅವ ಡಾಕು ಹಾನ!"

"ಹೌದೋ, ಡಾಕಿನವನೇ ಹಾನ! ನನಗ ಕಣ್ಣಿಲ್ಲೇನು?"

"ಡಾಕು, ಖಾಲಾ! ಡಾಕು!"

"ಅದೇ ಹೇಳ್ಲತ್ತೇನಿ ನಾನೂ! ನನ್ನ ಮಹಬೂಬನ ಕಾಗದ ಇವನ ಜೇಬಿನಾಗ ಅದ. ಅದು ಕೊಡೋತನಕ ಯಾವನೂ ಇವನ್ನ ಮುಟ್ಟಂಗಿಲ್ಲ!"

ಇಬ್ಬರೂ ಒಂದೇ ಮಾತಾಡುತ್ತ ಜಗಳವಾಡುತ್ತಿದ್ದರು. ನನ್ನ ಪ್ರಾಣ ಒಂದು ಅಕ್ಷರದ ಕೊಂಬಿನ ಮೇಲೆ ನಿಂತಿತ್ತು! ಅಷ್ಟರಲ್ಲಿ ಅವಳು ನನ್ನ ಕಡೆ ತಿರುಗಿ ಕೈ ಚಾಚಿದಳು. "ಕೊಡು ಬೇಟಾ ಕಾಗದ. ಇವ್ರಿಗಿ ತೋರಸ್ತೇನಿ."

ಸತ್ಯ ಹೇಳದೆ ಗತಿಯಿರಲಿಲ್ಲ. "ಅಮ್ಮಾ, ನಾ ತಂದದ್ದು ಡಾಕ್ ಅಲ್ಲ. ನಾ ಕೇಳ್ಲಕ್ಕ ಬಂದದ್ದು ಡಾಕಾ..."

"ನೋಡ್ರಿ! ಮತ್ತ ಅಂದ!" ಎಂದು ಗುಂಪು ಮುನ್ನುಗ್ಗಿತು.

ಅಷ್ಟು ಹೊತ್ತಿಗೆ ಪೋಲೀಸ್ ಪಾಟೀಲ ಮಾಣಿಕಪ್ಪ ಏದುಸಿರು ಬಿಡುತ್ತ ಬಂದರು. ಊರಿನ ಕಳವು ಜಗಳ ನೋಡಿಕೊಳ್ಳುವ ಹೊಣೆ ಅವರದು. ನಾನು ಕಚೇರಿಯ ಆದೇಶ ತೆಗೆದು ಅವರ ಮುಂದೆ ಹಿಡಿದೆ. ಅವರು ಮೊಹರು ನೋಡಿದರು, ನನ್ನನ್ನು ನೋಡಿದರು, ಉರ್ದುವನ್ನು ಮನಸ್ಸಿನಲ್ಲೇ ಓದಿಕೊಂಡರು. ಮತ್ತೊಮ್ಮೆ ಓದಿದರು. ಆಮೇಲೆ ರುಮಾಲಿನ ಚುಂಗಿನಿಂದ ಮುಖ ಒರೆಸಿಕೊಂಡು ಊರಿಗೆ ಹೇಳಿದರು:

"ಸರಕಾರಿ ಮನಿಷ್ಯಾ ಹಾನ, ಕೈ ಇಳಸ್ರಿ. ನೀವು ಊರಾಗ ಆರಾಮ ಇದ್ದೀರೋ, ಏನಾರ ಅಂಜಿಕಿ ಅದ ಏನು ಅಂತ ಕೇಳ್ಲಕ್ಕ ಬಂದಾನಂತ."

ಶಿವರಾಯ ಕುಡುಗೋಲು ಬೆನ್ನ ಹಿಂದೆ ಹಿಡಿದುಕೊಂಡ. ಕೊಡ ಒಡೆದುಕೊಂಡ ಹೆಂಗಸು ಮೊದಲು ಬಾಯಿ ಬಿಟ್ಟಳು.

"ಮುಂಜಾನಿ ತನಕಾ ಆರಾಮೇ ಇದ್ದಿವ್ರಿ, ಸಾಹೇಬ್ರ!"

ಊರು ನಕ್ಕಿತು. ನಾನೂ ನಗಬೇಕೆಂದು ಬಾಯಿ ತೆರೆದೆ, ಅಳು ಬಂತು. ಶಿವರಾಯನೇ ನನ್ನನ್ನು ಎಬ್ಬಿಸಿ ಕಟ್ಟೆಯ ಮೇಲೆ ಕೂಡಿಸಿದ. ನನ್ನ ಸೈಕಲ್ಲನ್ನೂ ಡಾಕುವಿನ ಜೊತೆಗಾರನೆಂದು ದನದ ಹಗ್ಗದಿಂದ ಮರಕ್ಕೆ ಕಟ್ಟಿ ಹಾಕಿದ್ದರು. ಅದನ್ನೂ ಬಿಡುಗಡೆ ಮಾಡಿದರು.

ಮಲನ್‌ಬಿಗೆ ಮಾತ್ರ ಯಾರೋ ಕಿವಿಯ ಹತ್ತಿರ ಬಾಗಿ ಎಲ್ಲ ತಿಳಿಸಿದರು. ಚಾಚಿದ್ದ ಕೈ ಮೆಲ್ಲಗೆ ಕೆಳಗಿಳಿಯಿತು. ಒಳಗೆ ಹೋಗಿ ನೀರು ತಂದಳು, ರೊಟ್ಟಿ ತಂದಳು, ನಾನು ತಿನ್ನುವವರೆಗೂ ಎದುರಿಗೇ ಕೂತಳು. ಟಪಾಲಿನವನಲ್ಲದಿದ್ದರೂ ಹಸಿದವನು ತಾನೇ.

ನಾನು ತಿನ್ನುತ್ತಿರುವಾಗ ಮಾಣಿಕಪ್ಪನವರು ಮೆಲುದನಿಯಲ್ಲಿ ಹೇಳಿದರು. "ನಿಜಾಮರ ಕಾಲದಾಗ ನಿಮ್ಮಂಥಾ ಖಾಕಿಯವ್ರ ಗುಂಪು ಬಂದೂಕು ಹಿಡ್ಕೊಂಡು ಮೊದಲೊಮ್ಮಿ ಬಂದಿತ್ರಿ. ಆವತ್ತ ನಮ್ಮ ಹೆಣ್ಮಕ್ಳನ್ನೆಲ್ಲಾ ಈ ಖಾಲಾ ತನ್ನ ಮನ್ಯಾಗ ಕೂಡಿಸ್ಕೊಂಡು ಬಾಗಲದಾಗ ನಿಂತಳು. ಈಗ ನಿಮ್ಮ ಮುಂದ ನಿಂತಳಲ್ಲಾ, ಹಂಗೇ. ಪೋಲೀಸ್ ಆಕ್ಷನ್ ಆದ ಮ್ಯಾಲ ಬ್ಯಾರೆ ಕಡಿಂದ ಮಂದಿ ಸೇಡಿಗಿ ಬಂದ್ರು, ಖಾಲಾನ ಮನಿ ಯಾವುದು ಅಂತ ಕೇಳ್ಕೊಂತ. ಅವಾಗ ನಾವು ಖಾಲಾನ ನಮ್ಮ ಮನ್ಯಾಗ ಇಟ್ಕೊಂಡೇವಿ. ಮಗ ಅಂಜಿ ಹೈದರಾಬಾದಕ್ಕ ಹೋದವ ಇನ್ನಾ ಬಂದಿಲ್ಲ."

"ನಿಮ್ಮ ಮನ್ಯಾಗ ಪಲ್ಯಾಕ್ಕ ಉಪ್ಪೇ ಇರ್ತಿರ್ಲಿಲ್ಲ!" ಎಂದಳು ಮಲನ್‌ಬಿ. ಇಷ್ಟು ಮೆಲ್ಲಗೆ ಆಡಿದ ಮಾತು ಅವಳಿಗೆ ಹೇಗೆ ಕೇಳಿಸಿತೋ ದೇವರೇ ಬಲ್ಲ!

ಆಮೇಲೆ ಅವಳು ನನ್ನ ಜೇಬಿನ ಪೆನ್ನು ತೋರಿಸಿದಳು. "ಡಾಕ್ ತರಲಿಲ್ಲ, ಹೋಗ್ಲಿ. ತಗೊಂಡಾರ ಹೋಗ್ತಿ ಏನು? ಮಹಬೂಬಗ ಒಂದು ಕಾಗದ ಬರಿ. ವಾಪಸ್ ಬಾ ಅಂತ."

ಬರೆಯಲು ಕೂತೆ. ಊರೆಲ್ಲ ಸುತ್ತ ಕೂತಿತು. ಮಗನಿಗೆ ಬಾ ಎಂದು ಹೇಳಬೇಕಾದರೆ ಊರು ಸುರಕ್ಷಿತ ಎಂದು ಬರೆಯಬೇಕು. ಇಷ್ಟು ದಿನ ಭಾಲ್ಕಿಯಿಂದ ಔರಾದಿನವರೆಗೆ ನಾನು ಕೇಳುತ್ತ ಬಂದದ್ದು ಇದನ್ನೇ. ಆದರೆ ಈಗ ಯಾರೂ "ಭಾಳ ಆರಾಮ ಇದ್ದೇವ್ರಿ" ಎನ್ನಲಿಲ್ಲ. ತಾಯಿ ಮಗನನ್ನು ಕರೆಸಿಕೊಳ್ಳುವ ಮಾತು, ಸುಮ್ಮನೆ ಅನ್ನುವಂಥದ್ದಲ್ಲ. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ಮಾಣಿಕಪ್ಪನವರು, "ಬಸ್ಸಿನ ಹಾದೀಗಿ ನಾವು ನಾಕು ಮಂದಿ ಬಂದು ನಿಂದರ್ತೇವಿ, ಅಲ್ಲಿಂದ ಕರ್ಕೊಂಡು ಬರ್ತೇವಿ ಅಂತ ಬರೀರಿ" ಎಂದರು. ಬರೆದೆ.

"ನಂದೊಂದು ಮಾತು ಬರೀರಿ" ಎಂದ ಶಿವರಾಯ. "ನನ್ನ ಅಂಗಿ ಅರ್ಧಾ ಹೊಲ್ದು ಇಟ್ಟು ಹೋಗ್ಯಾನ, ಒಂದೇ ತೋಳು ಅದ. ಬಂದು ಇನ್ನೊಂದು ಹಚ್ಚು ಅನ್ರಿ. ಇಲ್ಲಾಂದ್ರ ನಾನೇ ಹೈದರಾಬಾದಕ್ಕ ಬರ್ತೇನಿ ಅನ್ರಿ."

"ಕುಡುಗೋಲು ಹಿಡ್ಕೊಂಡು ಬರ್ತಾನಂತ ಬರೀಬ್ಯಾಡ್ರಿ, ಹೆದರ್ತಾನ!" ಎಂದಳು ಕೊಡದ ಹೆಂಗಸು.

ಕಾಗದದ ಮೇಲೆ ಮಲನ್‌ಬಿ ಹೇಳಿದ ಹೈದರಾಬಾದಿನ ವಿಳಾಸ, ಕೆಳಗೆ ನನ್ನ ಹೆಸರು, ಬೀದರಿನ ವಿಳಾಸ ಬರೆದೆ. ಹೊರಡುವಾಗ ಮಲನ್‌ಬಿ ನನ್ನ ತಲೆಯ ಮೇಲೆ ಕೈಯಿಟ್ಟು, "ಹುಷಾರ್ ಹೋಗು ಬೇಟಾ" ಎಂದಳು. ಆ ಕೈ ಎಷ್ಟು ಹಗುರವಾಗಿತ್ತೆಂದರೆ, ಅದರ ಹಿಂದೆ ಅಡಗಿ ನಾನು ಬದುಕಿಕೊಂಡೆ ಎಂದರೆ ಯಾರೂ ನಂಬುವುದಿಲ್ಲ. ಕೋಟನ್ನು ಅಲ್ಲೇ ಬಿಟ್ಟು ಬಂದೆ. ಹೊಲದ ಬೆದರುಗೊಂಬೆಗೆ ಹಾಕಿದರಂತೆ. ನನಗಿಂತ ಅದಕ್ಕೇ ಚೆನ್ನಾಗಿ ಒಪ್ಪಿತೆಂದೂ, ಹಕ್ಕಿಗಳು ಆ ಕಡೆ ಸುಳಿಯಲಿಲ್ಲವೆಂದೂ ಕೇಳಿದೆ.

ಕಚೇರಿಗೆ ಬಂದು ವರದಿ ಒಪ್ಪಿಸಿದೆ. ಆ ಊರಿನಲ್ಲಿ ಇತ್ತೀಚೆಗೆ ಯಾವುದಾದರೂ ವಾರದಾತು, ಅಂದರೆ ಅಪರಾಧ, ನಡೆದಿದೆಯೇ ಎಂದು ಸಾಹೇಬರು ಕೇಳಿದರು.

"ಒಂದು ನಡೆದಿದೆ ಸಾಹೇಬ್ರ."

"ಅಪರಾಧಿ ಸಿಕ್ಕನೇನು?"

"ನಿಮ್ಮ ಮುಂದೇ ನಿಂತಾನ್ರಿ."

ಮತ್ತೆ ನನ್ನನ್ನು ಎಲ್ಲಿಗೂ ಕಳಿಸಲಿಲ್ಲ. ಸೈಕಲ್ಲನ್ನು ಮಾತ್ರ ಆಗಾಗ ಕೇಳಿ ಒಯ್ಯುತ್ತಿದ್ದರು.

ಜೋಳದ ರಾಶಿ ಮುಗಿದ ಮೇಲೆ ಒಂದು ಮಧ್ಯಾಹ್ನ ಊಟ ಮಾಡಿ ಅಡ್ಡಾಗಿದ್ದೆ. ಬಾಗಿಲಲ್ಲಿ ಯಾರೋ ಗಟ್ಟಿಯಾಗಿ "ಡಾಕ್!" ಎಂದು ಕೂಗಿದರು. ಮುಂದಿನದು ನನಗೆ ಸರಿಯಾಗಿ ನೆನಪಿಲ್ಲ. ಕಾಶೀಬಾಯಿ ಹೊರಗೆ ಹೋಗಿ ಕಾಗದ ತೆಗೆದುಕೊಂಡು ಬಂದು, ಮನೆಯೆಲ್ಲ ಹುಡುಕಿ, ಕೊನೆಗೆ ಬಾಗಿ ನೋಡಿದಳು.

"ಮಂಚದ ಬುಡಕ್ಕ ಏನ್ ಮಾಡ್ಲತ್ತೀರಿ?"

"ಏನಿಲ್ಲ. ಯಾರು ಬಂದದ್ದು?"

"ಟಪಾಲಿನವ. ಉರ್ದುವಿನಾಗ ಬರ್ದಾರ, ನನಗ ಬರಂಗಿಲ್ಲ. ಹೊರಗ ಬಂದು ಓದ್ರಿ."

"ಇಲ್ಲಿಗೇ ಕೊಡು."

ಮಹಬೂಬನ ಕಾಗದ. ಊರಿನಿಂದಲೇ ಬರೆದಿದ್ದ! ಬಸ್ಸಿನ ಹಾದಿಗೆ ನಾಲ್ವರಲ್ಲ, ಊರೇ ಬಂದು ನಿಂತಿತ್ತಂತೆ. ಶಿವರಾಯನ ಅಂಗಿಗೆ ಎರಡನೆಯ ತೋಳು ಬಂದಿದೆ. ತಾಯಿ ನನ್ನನ್ನು ಇನ್ನೂ ಟಪಾಲಿನವನೆಂದೇ ಕರೆಯುತ್ತಾಳೆ, ಕಾಗದ ತಡವಾಗಿಯಾದರೂ ಮುಟ್ಟಿಸಿದ ಎನ್ನುತ್ತಾಳೆ. ಕೊನೆಗೆ, ನನಗೊಂದು ಕೋಟು ಹೊಲಿದು ಕೊಡುತ್ತಾನಂತೆ. ಖಾಕಿ ಬಿಟ್ಟು ಯಾವ ಬಣ್ಣದ ಬಟ್ಟೆ ತಂದರೂ ಸರಿಯಂತೆ.

ಎರಡನೆಯ ಸಲ ಓದಲು ಹೋದರೆ ಅಕ್ಷರ ಮಸುಕಾಗಿ ಕಾಣಿಸಿದವು. ಮಂಚದ ಕೆಳಗೆ ಬೆಳಕು ಕಡಿಮೆ ಎಂದು ಗೊಣಗಿದೆ.

ಕಾಶೀಬಾಯಿ ನೆಲದ ಮೇಲೆ ಕೂತು ಮತ್ತೊಮ್ಮೆ ಬಾಗಿ ನೋಡಿದಳು. ಆಮೇಲೆ ಕೇಳಿದಳು:

"ಕಂದೀಲ್ ಕೊಡ್ಲೇನ್ರಿ?"

"ಕೊಡು" ಎಂದೆ.